ಮಳೆ ಬಂದ್ರೆ ಏನ್ ಮಾಡ್ತಿದ್ರು, ಮಿಸ್?

ಗುಂಡ್ಲುಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಬಂಡೀಪುರದ ಕಾಡು ನಮ್ಮೂರಿಂದ ದೂರವೇನಿಲ್ಲ. ಮೊದಲನೇ ಮಹಾಯುದ್ಧದ ಪಾಠಕ್ಕೆ ಬಂದು ಬೋರ್ಡಿನ ಮೇಲೆ 'ಕಂದಕ' ಅಂತ ಬರೆದರೆ ಮಕ್ಕಳಿಗೆ ನೆನಪಾಗುವುದು ಆನೆ ಕಂದಕ. ಆನೆಗಳು ಹೊಲಕ್ಕೆ ಇಳಿಯಬಾರದು ಅಂತ ಕಾಡಂಚಿನಲ್ಲಿ ತೋಡಿಸುತ್ತಾರಲ್ವಾ, ಅದು. ಅದರ ಅಗಲ, ಆಳ ಎಲ್ಲ ಅವರಿಗೆ ಗೊತ್ತು. ಮಳೆಗಾಲದಲ್ಲಿ ಅದರೊಳಗೆ ನೀರು ನಿಲ್ಲುವುದನ್ನು, ದಡ ಕುಸಿಯುವುದನ್ನು ನೋಡಿಯೇ ಬೆಳೆದವರು ಅವರು.

ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ಅವ್ರು ವರ್ಷಗಟ್ಟಲೆ ಅದ್ರೊಳಗೇ ಇದ್ರು ಅಂದ್ರಲ್ಲ, ಮಳೆ ಬಂದ್ರೆ ಏನ್ ಮಾಡ್ತಿದ್ರು?"

"ನೆನೀತಿದ್ರು ಕಣಪ್ಪ" ಅಂದೆ. ಅದು ಸುಳ್ಳಲ್ಲ. ಆದರೆ ಅವನು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಆ ಪ್ರಶ್ನೆ ನನ್ನ ಜೊತೆಯಲ್ಲೇ ಉಳಿಯಿತು.

ಅಕ್ಕ ಭಾವ ಬ್ರಸೆಲ್ಸ್‌ನಲ್ಲಿದ್ದಾರೆ. ಈ ಸಲ ದಸರಾ ರಜೆಗೆ ಅವರ ಮನೆಗೆ ಹೋದೆ. ಅಕ್ಕ ಪ್ಯಾರಿಸ್ ಅಂದಳು. ನಾನು ಈಪರ್ ಅಂದೆ, ಆ ಯುದ್ಧದ ಕಂದಕಗಳಿದ್ದ ಬೆಲ್ಜಿಯಂನ ಊರು. "ಅಲ್ಲೇನಿದೆಯೇ, ಬರೀ ಗೋರಿಗಳು" ಅಂದರೂ ನನ್ನ ಮುಖ ನೋಡಿ ಒಪ್ಪಿಕೊಂಡಳು. ಬ್ಯಾಗಿನಲ್ಲಿ ಒಂದು ನೋಟ್‌ಬುಕ್, ಬಟ್ಟೆ ಅಳೆಯುವ ಟೇಪು ಇಟ್ಟುಕೊಂಡೆ.

ಮೊದಲ ದಿನ, ಗುರುವಾರ

ಬ್ರಸೆಲ್ಸ್‌ನಿಂದ ಈಪರ್‌ಗೆ ರೈಲಿನಲ್ಲಿ ಎರಡು ಗಂಟೆಯೂ ಬೇಕಿಲ್ಲ. ಕಿಟಕಿಯಾಚೆ ಎಲ್ಲ ಸಮತಟ್ಟು. ಹಸು, ಕೋಸಿನ ಹೊಲ, ಹೊಲದ ಪಕ್ಕದಲ್ಲೆಲ್ಲ ನೀರಿನ ಸಣ್ಣ ಸಣ್ಣ ಕಾಲುವೆ. ಆ ಕಾಲುವೆಗಳನ್ನು ಅವತ್ತು ನಾನು ಸುಮ್ನೆ ನೋಡಿದೆ. ಅವು ಯಾಕಿವೆ ಅಂತ ಗೊತ್ತಾಗಿದ್ದು ಮಾರನೇ ದಿನ.

ಈಪರ್ ಚಿಕ್ಕ ಊರು. ಫ್ರೆಂಚರ ಬಾಯಲ್ಲಿ ಈಪ್ರ್. ಇಂಗ್ಲಿಷ್ ಸಿಪಾಯಿಗಳಿಗೆ ಆ ಹೆಸರು ನಾಲಿಗೆಗೆ ಹೊರಳದೆ 'ವೈಪರ್ಸ್' ಮಾಡಿಕೊಂಡಿದ್ದರು. ಊರ ನಡುವೆ ದೊಡ್ಡ ಚೌಕ, ಚೌಕದ ಒಂದು ಬದಿಗೆ ಉದ್ದಾನುದ್ದ ಬಟ್ಟೆ ಮಾರುಕಟ್ಟೆಯ ಕಟ್ಟಡ. ನೋಡಿದರೆ ಏಳುನೂರು ವರ್ಷದ ಹಳೆಯ ಕಲ್ಲು ಅನ್ನಿಸುತ್ತದೆ. ಅಲ್ಲ. ನಾಲ್ಕು ವರ್ಷದ ಗುಂಡಿನ ಮಳೆಗೆ ಊರಿಗೆ ಊರೇ ಪುಡಿಯಾಗಿತ್ತು. ಜನ ವಾಪಸ್ ಬಂದು, ಮೊದಲು ಹೇಗಿತ್ತೋ ಹಾಗೇ ಕಟ್ಟಿದರು. ಈ ಮಾರುಕಟ್ಟೆ ಕಟ್ಟಡ ಮುಗಿದದ್ದು 1967ರಲ್ಲಿ. ಈಗ ಅದರೊಳಗೆ ಯುದ್ಧದ ಮ್ಯೂಸಿಯಂ ಇದೆ.

ಯುದ್ಧ ಹೇಗೆ ಶುರುವಾಯಿತು ಅನ್ನುವುದು ಮಕ್ಕಳಿಗೂ ಬಾಯಿಪಾಠ. 1914ರ ಜೂನ್ 28, ಸರಾಯೆವೊ, ಆಸ್ಟ್ರಿಯಾದ ಯುವರಾಜನ ಕೊಲೆ. ನನಗೆ ಬೇಕಿದ್ದದ್ದು ಅದಾದ ಮೇಲಿನ ಕಥೆ. ಬೇಗ ಮುಗಿಸಿಬಿಡೋಣ ಅಂತ ಬೆಲ್ಜಿಯಂ ದಾಟಿ ನುಗ್ಗಿದ ಜರ್ಮನ್ ಸೈನ್ಯವನ್ನು ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಹತ್ತಿರ ಮಾರ್ನ್ ನದಿಯ ಬಳಿ ಫ್ರೆಂಚರು, ಬ್ರಿಟಿಷರು ತಡೆದರು. ಹಿಂದೆ ಸರಿದ ಜರ್ಮನ್ನರು ಮಣ್ಣು ಅಗೆದು ಕೂತರು. ಮೆಷಿನ್ ಗನ್ ಇದ್ದ ಕಡೆ ನೆಲದ ಮೇಲೆ ನಿಂತವನು ಬದುಕುತ್ತಿರಲಿಲ್ಲ. ಇವರೂ ಅಗೆದರು. ಒಬ್ಬರನ್ನೊಬ್ಬರು ಪಕ್ಕದಿಂದ ಬಳಸಿ ಹಿಡಿಯಬೇಕು ಅಂತ ಉತ್ತರಕ್ಕೆ ಉತ್ತರಕ್ಕೆ ಹೋಗುತ್ತಾ ಸಮುದ್ರ ಮುಟ್ಟಿದರು. ವರ್ಷ ಮುಗಿಯುವಷ್ಟರಲ್ಲಿ ಬೆಲ್ಜಿಯಂ ಕಡಲ ತೀರದಿಂದ ಸ್ವಿಟ್ಜರ್ಲೆಂಡ್ ಗಡಿವರೆಗೆ ಸುಮಾರು 700 ಕಿಲೋಮೀಟರ್ ಕಂದಕ. ಬೆಂಗಳೂರಿಂದ ಬೀದರ್‌ಗೆ ಹೋಗುವಷ್ಟು ದೂರ. ಅಷ್ಟುದ್ದಕ್ಕೂ ಎದುರು ಬದುರು ಎರಡು ಸಾಲು ಗುಂಡಿ. ಮುಂದಿನ ಮೂರೂವರೆ ವರ್ಷ ಆ ಗೆರೆ ಹೆಚ್ಚುಕಡಿಮೆ ಅಲ್ಲೇ ಇತ್ತು.

ಮ್ಯೂಸಿಯಂನಲ್ಲಿ ಮುಳ್ಳುತಂತಿಯ ಸುರುಳಿ ನೋಡುವಾಗ ನನಗೆ ಬೆಂಗಳೂರು ನೆನಪಾಯಿತು. ಹಲಸೂರು ಕೆರೆ ಪಕ್ಕದಲ್ಲಿ ಎಂಇಜಿ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ವಾ, ಹಿಂದೆ ಅದು ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಅಲ್ಲಿ ಮೆಕ್ಲಿಂಟಾಕ್ ಅನ್ನುವ ಕ್ಯಾಪ್ಟನ್ 1912ರಲ್ಲಿ ಒಂದು ಸಾಧನ ಮಾಡಿದ. ಒಂದಕ್ಕೊಂದು ಜೋಡಿಸಬಹುದಾದ ಕಬ್ಬಿಣದ ಪೈಪು, ಒಳಗೆ ಸಿಡಿಮದ್ದು. ನೆಲಕ್ಕೆ ಮೈ ಹಚ್ಚಿ ಮಲಗಿಕೊಂಡೇ ಅದನ್ನು ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸಿದರೆ ದಾರಿ ಬಿಡುತ್ತದೆ. ಅದಕ್ಕೆ 'ಬೆಂಗಳೂರು ಟಾರ್ಪಿಡೊ' ಅಂತಲೇ ಹೆಸರು. ಎರಡು ವರ್ಷದ ನಂತರ ಯುರೋಪಿನ ಈ ಕೆಸರಿನಲ್ಲಿ ಅದು ಕೆಲಸಕ್ಕೆ ಬಂತು. ಭಾಷೆ ಗೊತ್ತಿಲ್ಲದ ಎಷ್ಟೋ ದೇಶದ ಹುಡುಗರು ಕತ್ತಲಲ್ಲಿ ತೆವಳುತ್ತಾ ಪಿಸುದನಿಯಲ್ಲಿ ನಮ್ಮ ಊರಿನ ಹೆಸರು ಹೇಳಿದ್ದಾರೆ. ಅದನ್ನು ಯೋಚಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ರಾತ್ರಿ ಎಂಟಕ್ಕೆ ಮೆನಿನ್ ಗೇಟ್ ಹತ್ತಿರ ಹೋದೆವು. ಊರಿಂದ ರಣರಂಗಕ್ಕೆ ಸಿಪಾಯಿಗಳು ನಡೆದು ಹೋದ ದಾರಿಯಲ್ಲಿ 1927ರಲ್ಲಿ ಕಟ್ಟಿದ ದೊಡ್ಡ ಕಮಾನು. ಒಳಗೋಡೆ, ಮೆಟ್ಟಿಲು, ಮೇಲಿನ ಜಗುಲಿ, ಎಲ್ಲೆಲ್ಲೂ ಹೆಸರು. 54 ಸಾವಿರಕ್ಕೂ ಜಾಸ್ತಿ. ಇವರೆಲ್ಲ ಹೆಣವೂ ಸಿಗದವರು, ಸಿಕ್ಕರೂ ಯಾರದೆಂದು ಗುರುತಾಗದವರು. ಎಂಟು ಗಂಟೆಗೆ ಪೊಲೀಸರು ವಾಹನ ನಿಲ್ಲಿಸಿದರು. ಊರಿನ ಅಗ್ನಿಶಾಮಕ ದಳದವರು ಸಾಲಾಗಿ ನಿಂತು ಕಹಳೆ ಊದಿದರು. 1928ರಿಂದ ಪ್ರತಿ ಸಂಜೆ ಊದುತ್ತಿದ್ದಾರೆ. ಎರಡನೇ ಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ಮಾತ್ರ ಇಲ್ಲಿ ನಿಂತಿತ್ತು. ನೂರಾರು ಜನ ಸೇರಿದ್ದೆವು, ಕೆಮ್ಮಿನ ಸದ್ದೂ ಇಲ್ಲ.

ಎಲ್ಲ ಚದುರಿದ ಮೇಲೆ ಗೋಡೆ ಹುಡುಕಿದೆ. ಇಂಗ್ಲಿಷ್ ಹೆಸರುಗಳ ನಡುವೆ ಸಿಂಗ್, ಖಾನ್, ಥಾಪಾ. ಪಕ್ಕದ ಕೋಟೆ ದಿಬ್ಬದ ಮೇಲೆ ಭಾರತದ ಸಿಪಾಯಿಗಳಿಗೇ ಒಂದು ಸ್ಮಾರಕ ಇದೆ, ಮೇಲೆ ಅಶೋಕನ ಸಿಂಹ. ಅಕ್ಕ ಇಷ್ಟು ವರ್ಷ ಈ ದೇಶದಲ್ಲಿದ್ದರೂ ಅದನ್ನು ನೋಡಿರಲಿಲ್ಲ. ಚಪ್ಪಲಿ ಬಿಟ್ಟು ಹತ್ತಿರ ಹೋದಳು. ನಾನೂ ಬಿಟ್ಟೆ. ಕಲ್ಲು ತಣ್ಣಗಿತ್ತು.

ಎರಡನೇ ದಿನ, ಶುಕ್ರವಾರ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಅಕ್ಕ ಬೇಜಾರಾದಳು. ನನಗೆ ಮಾತ್ರ ಈ ಊರನ್ನು ಮಳೆಯಲ್ಲೇ ನೋಡಬೇಕಿತ್ತು.

ಊರಿನ ಉತ್ತರಕ್ಕೆ ಬೂಸಿಂಗೆ ಅಂತ ಇದೆ. ಈಗ ಅಲ್ಲಿ ಕೈಗಾರಿಕಾ ಪ್ರದೇಶ. ಫ್ಯಾಕ್ಟರಿಗಳ ನಡುವೆ, ಲಾರಿಗಳು ಓಡಾಡುವ ರಸ್ತೆ ಪಕ್ಕದಲ್ಲಿ ಒಂದು ತುಂಡು ಕಂದಕ ಉಳಿದಿದೆ. ಯಾರ್ಕ್‌ಷೈರ್ ಟ್ರೆಂಚ್ ಅಂತಾರೆ. 1992ರಲ್ಲಿ ಊರಿನ ಹವ್ಯಾಸಿ ಅಗೆತಗಾರರಿಗೆ ಸಿಕ್ಕಿತಂತೆ. ಈಗ ನಡೆದಾಡುವ ಹಾಗೆ ಸರಿಮಾಡಿ ಬಿಟ್ಟಿದ್ದಾರೆ. ಟಿಕೆಟ್ ಇಲ್ಲ, ಕಾವಲಿಲ್ಲ. ನಾವಿಬ್ಬರೇ.

ಇಳಿದೆ. ಆಳು ಮುಳುಗುವಷ್ಟು ಆಳ. ಇಬ್ಬರು ಎದುರು ಬಂದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು, ಅಷ್ಟೇ ಅಗಲ. ಆನೆ ಕಂದಕಕ್ಕಿಂತ ಬಹಳ ಇಕ್ಕಟ್ಟು. ನಮ್ಮದು ನೇರ ಹೋಗುತ್ತದೆ. ಇದು ಹಾಗಲ್ಲ. ಹತ್ತು ಹೆಜ್ಜೆ ಹೋದರೆ ಒಂದು ಮೂಲೆ, ಮತ್ತೆ ಹತ್ತು ಹೆಜ್ಜೆಗೆ ಇನ್ನೊಂದು ಮೂಲೆ. ಶತ್ರು ಒಂದು ತುದಿಯಿಂದ ಒಳಗೆ ಇಳಿದರೂ ಪೂರ್ತಿ ಸಾಲಿಗೆ ಗುಂಡು ಹಾರಿಸಲಾಗದು. ಒಂದು ಕಡೆ ಬಾಂಬ್ ಬಿದ್ದರೆ ಅದರ ಹೊಡೆತ ಮೂಲೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಒಂದು ಮೂಲೆಯವರು ಸತ್ತರೆ ಮುಂದಿನ ಮೂಲೆಯವರು ಉಳಿಯಲಿ ಅಂತ ಲೆಕ್ಕ ಹಾಕಿ ತೋಡಿದ ಗುಂಡಿ ಅದು. ಟೇಪು ತೆಗೆದು ಅಳೆದೆ. ಅಕ್ಕ ಕೊಡೆ ಹಿಡಿದಳು, ನಾನು ಬರೆದುಕೊಂಡೆ. ಅಗಲ, ಆಳ, ಮೂಲೆಯಿಂದ ಮೂಲೆಗೆ ಹೆಜ್ಜೆ.

ಆ ಹುಡುಗನಿಗೆ ಉತ್ತರವೂ ಇಲ್ಲೇ ಸಿಕ್ಕಿತು.

ಈ ಸೀಮೆಯಲ್ಲಿ ನೆಲ ತಗ್ಗು. ಮೇಲೆ ಸ್ವಲ್ಪ ಮಣ್ಣು, ಕೆಳಗೆ ನೀರು ಇಳಿಯದ ಜೇಡಿ. ಎರಡು ಮೂರು ಅಡಿ ಅಗೆದರೆ ಮಳೆಯಿಲ್ಲದಿದ್ದರೂ ನೀರು ಒಸರುತ್ತದೆ. ಅದಕ್ಕೇ ಹೊಲದ ಪಕ್ಕದಲ್ಲೆಲ್ಲ ಆ ಕಾಲುವೆಗಳು. ರೈತರು ನೂರಾರು ವರ್ಷದಿಂದ ನೀರು ಹೊರಗೆ ಹಾಕಿ ಹಾಕಿ ಈ ನೆಲವನ್ನು ಹೊಲ ಮಾಡಿಟ್ಟಿದ್ದರು. ಹಾಗಾಗಿ ಎಷ್ಟೋ ಕಡೆ ಕಂದಕವನ್ನು ಕೆಳಗೆ ಅಗೆಯಲೇ ಇಲ್ಲ. ಮರಳು ಚೀಲ ಪೇರಿಸಿ ಗೋಡೆಯನ್ನು ಮೇಲಕ್ಕೆ ಎಬ್ಬಿಸಿದರು. ಅಗೆದ ಕಡೆ ಮರದ ಚೌಕಟ್ಟು ಇಳಿಸಿದರು. ಇಂಗ್ಲಿಷಿನ 'ಎ' ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ. ನಡುವಿನ ಅಡ್ಡಪಟ್ಟಿಯ ಮೇಲೆ ನಡೆಯಲು ಹಲಗೆ. ಅದರ ಕೆಳಗೆ ನೀರು ಹರಿಯುತ್ತಿತ್ತು. ಜೊತೆಗೆ ಕೈ ಪಂಪು. ಮಳೆ ಜಾಸ್ತಿಯಾದರೆ ಹಲಗೆಯೂ ಮುಳುಗುತ್ತಿತ್ತು. ಮೊಣಕಾಲು ನೀರಲ್ಲಿ ದಿನಗಟ್ಟಲೆ ನಿಂತು ಕಾಲು ಊದಿ, ಮರಗಟ್ಟಿ, ಕೊಳೆಯುವುದು. ಅದಕ್ಕೆ 'ಟ್ರೆಂಚ್ ಫುಟ್' ಅಂತಲೇ ಹೆಸರಾಯಿತು. ಎಷ್ಟೋ ಜನರ ಕಾಲ್ಬೆರಳು, ಪಾದ ಕತ್ತರಿಸಬೇಕಾಯಿತು. ಆಮೇಲೆ ದಿನಾ ಕಾಲ್ಚೀಲ ಬದಲಾಯಿಸಬೇಕು, ಜೋಡಿಯಾಗಿ ಕೂತು ಒಬ್ಬರ ಕಾಲಿಗೆ ಇನ್ನೊಬ್ಬರು ತಿಮಿಂಗಿಲದ ಎಣ್ಣೆ ತಿಕ್ಕಬೇಕು ಅಂತ ಆರ್ಡರ್ ಮಾಡಿದರು.

ಮಕ್ಕಳಿಗೆ ಇನ್ನೊಂದು ಹೇಳಬೇಕು. ಪಾಠ ಓದಿದರೆ ಎಲ್ಲರೂ ನಾಲ್ಕು ವರ್ಷ ಮುಂದಿನ ಸಾಲಿನಲ್ಲೇ ಕೂತಿದ್ದರು ಅನ್ನಿಸುತ್ತದೆ. ಹಾಗಲ್ಲ. ಒಂದರ ಹಿಂದೆ ಒಂದು ಮೂರು ಸಾಲು ಇರುತ್ತಿತ್ತು. ಕೆಲವು ದಿನ ಮುಂದೆ, ಕೆಲವು ದಿನ ಎರಡನೇ ಸಾಲು, ಮತ್ತೆ ಹಿಂದೆ ಊರಿನಲ್ಲಿ ವಿಶ್ರಾಂತಿ. ಬೆಳಗಿನ ಜಾವ ಮತ್ತು ಮುಸ್ಸಂಜೆ ಎಲ್ಲರೂ ಬಂದೂಕು ಹಿಡಿದು ಸಜ್ಜಾಗಿ ನಿಲ್ಲಬೇಕು, ದಾಳಿ ಆಗುವುದು ಆ ಹೊತ್ತಿನಲ್ಲೇ ಜಾಸ್ತಿ ಅಂತ. ಹಗಲು ತಲೆ ಎತ್ತುವಂತಿಲ್ಲ. ತಂತಿ ಸರಿಮಾಡುವುದು, ಮಣ್ಣು ಹೊರುವುದು, ಊಟ ತರುವುದು, ಹೆಣ ಹೂಳುವುದು ಎಲ್ಲ ರಾತ್ರಿಯೇ. ಉಳಿದ ಹೊತ್ತು ಇಲಿ, ಹೇನು, ಕಾಯುವುದು.

ಮಧ್ಯಾಹ್ನ ಲಾಂಗೆಮಾರ್ಕ್‌ಗೆ ಹೋದೆವು. ಜರ್ಮನ್ನರ ಸ್ಮಶಾನ. ಓಕ್ ಮರಗಳ ಕೆಳಗೆ ಕಪ್ಪು ಕಲ್ಲು. 44 ಸಾವಿರಕ್ಕೂ ಜಾಸ್ತಿ ಜನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗುಂಡಿಯಲ್ಲಿ. ಅಲ್ಲಿ ಬಿಳಿ ಕಲ್ಲು, ಹೂವು ಏನೂ ಇಲ್ಲ. ಆ ಕತ್ತಲು ನನ್ನನ್ನು ತುಂಬ ಹೊತ್ತು ಬಿಡಲಿಲ್ಲ. ಇವರ ಮನೆಯವರೂ ಕಾಗದಕ್ಕೆ ಕಾದಿದ್ದವರೇ ಅಲ್ವಾ?

ಇದೇ ಸುತ್ತಮುತ್ತಲ ಹೊಲಗಳಲ್ಲಿ 1915ರ ಏಪ್ರಿಲ್ 22ರ ಸಂಜೆ ಜರ್ಮನ್ನರು ಕ್ಲೋರಿನ್ ಬಿಟ್ಟರು. 5,730 ಸಿಲಿಂಡರ್. ಹಸಿರು ಹಳದಿ ಮೋಡ ನೆಲಕ್ಕೆ ಹತ್ತಿಕೊಂಡು ಬಂತು. ಗಾಳಿಗಿಂತ ಭಾರ, ಹಾಗಾಗಿ ನೇರ ಕಂದಕದೊಳಗೇ ಇಳಿಯಿತು. ಗುಂಡಿನಿಂದ ಕಾಪಾಡುವ ಗುಂಡಿಯೇ ವಿಷದ ತೊಟ್ಟಿಯಾಯಿತು. ನಾಲ್ಕು ದಿನದ ಮೇಲೆ, 26ನೇ ತಾರೀಕು, ನಮ್ಮ ಲಾಹೋರ್ ಡಿವಿಷನ್ ಇದೇ ಕಡೆ ದಾಳಿಗೆ ಬಂತು. ಮುಖವಾಡ ಇನ್ನೂ ಬಂದಿರಲಿಲ್ಲ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡರು, ನೀರಿಲ್ಲದವರು ಮೂತ್ರದಲ್ಲಿ ನೆನೆಸಿಕೊಂಡರು. ಅವತ್ತು ಜಮಾದಾರ್ ಮೀರ್ ದಸ್ತ್ ಅನ್ನುವ ಪಠಾಣ, ಅಧಿಕಾರಿಗಳೆಲ್ಲ ಬಿದ್ದ ಮೇಲೆ ಉಳಿದವರನ್ನು ಕೂಡಿಸಿಕೊಂಡು ಕತ್ತಲಾಗುವವರೆಗೆ ಜಾಗ ಬಿಡದೆ ನಿಂತರು. ಎಂಟು ಮಂದಿ ಅಧಿಕಾರಿಗಳನ್ನು ಗುಂಡಿನ ನಡುವೆ ಹೊತ್ತು ತರಲು ನೆರವಾದರು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಕೊನೆಗೆ ಪಾಸ್ಶೆಂಡೇಲ್ ದಿಬ್ಬದ ಟೈನ್ ಕಾಟ್ ಸ್ಮಶಾನ. ಅಲ್ಲಿಂದ ಕೆಳಗೆ ನೋಡಿದರೆ ಈಪರ್‌ನ ಗೋಪುರಗಳು ಕಾಣುತ್ತವೆ. ದಿಬ್ಬ ಅಂದರೆ ಬೆಟ್ಟ ಅಂದುಕೊಳ್ಳಬೇಡಿ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಿದವರಿಗೆ ಇದು ಹೊಲದ ಏರು. ಆದರೆ ಅಷ್ಟೇ ಎತ್ತರಕ್ಕೆ 1917ರ ಜುಲೈ 31ರಿಂದ ನವೆಂಬರ್ 10ರವರೆಗೆ ಕಾದಾಡಿದರು. ಮೊದಲು 40 ಲಕ್ಷಕ್ಕೂ ಜಾಸ್ತಿ ಶೆಲ್ ಸುರಿದು ರೈತರ ಆ ಕಾಲುವೆಗಳನ್ನೆಲ್ಲ ಹಾಳುಮಾಡಿದರು. ಆಮೇಲೆ ಆಗಸ್ಟ್ ತಿಂಗಳಿಡೀ ಮಳೆ. ನೀರಿಗೆ ಹೋಗಲು ದಾರಿಯಿಲ್ಲ. ನಾಟಿ ಗದ್ದೆಗಿಂತ ಕಡೆ, ಹಲಗೆಯಿಂದ ಜಾರಿದ ಮನುಷ್ಯರು, ಹೇಸರಗತ್ತೆಗಳು ಗುಂಡಿಯ ಕೆಸರಲ್ಲಿ ಮುಳುಗಿಯೇ ಸತ್ತರು. ಗೆದ್ದದ್ದು ಸುಮಾರು 8 ಕಿಲೋಮೀಟರ್. ಇಲ್ಲಿ ಹತ್ತಿರ ಹತ್ತಿರ 12 ಸಾವಿರ ಗೋರಿ, ಅದರಲ್ಲಿ 8 ಸಾವಿರಕ್ಕೂ ಹೆಚ್ಚಿನವಕ್ಕೆ ಹೆಸರಿಲ್ಲ. ಬಿಳಿ ಕಲ್ಲುಗಳ ಸಾಲು ಮಳೆಯಲ್ಲಿ ಕೊನೆಯೇ ಕಾಣದ ಹಾಗೆ ಇಳಿದು ಹೋಗಿತ್ತು. ಅಕ್ಕ ಒಂದೂ ಮಾತಾಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, "ಎಲ್ಲರಿಗೂ ನಮ್ಮ ಪುಟ್ಟನ ವಯಸ್ಸು ಕಣೆ" ಅಂದಳು. ಪುಟ್ಟ ಅವಳ ಮಗ. ಹತ್ತೊಂಬತ್ತು.

ಮೂರನೇ ದಿನ, ಶನಿವಾರ

ರಜೆ ಇದ್ದದ್ದರಿಂದ ಭಾವ ಕಾರು ತಂದರು. ಗಡಿ ದಾಟಿದ್ದೇ ಗೊತ್ತಾಗಲಿಲ್ಲ. ಫ್ರಾನ್ಸಿನ ನ್ಯೂವ್ ಶಪೆಲ್ ಅನ್ನುವ ಹಳ್ಳಿಗೆ ಒಂದು ಗಂಟೆಯೊಳಗೆ ತಲುಪಿದೆವು. ಊರ ಹೊರಗೆ ರಸ್ತೆಗಳು ಕೂಡುವ ಕಡೆ ಭಾರತೀಯರ ಸ್ಮಾರಕ.

ಇಲ್ಲಿಗೆ ಬರಲೆಂದೇ ನಾನು ಇಷ್ಟು ದೂರ ಬಂದದ್ದು ಅಂತ ಒಳಗೆ ಕಾಲಿಟ್ಟ ಮೇಲೆ ಅನ್ನಿಸಿತು.

ಸುತ್ತ ಗೋಧಿ ಹೊಲ. ನಡುವೆ ದುಂಡನೆಯ ಕಲ್ಲಿನ ಆವರಣ. ಒಂದು ಅರ್ಧ ಸಾಂಚಿಯಲ್ಲಿ ಇರುವಂಥ ಕಲ್ಲಿನ ಕಟಾಂಜನ, ಇನ್ನೊಂದು ಅರ್ಧ ಹೆಸರು ಕೊರೆದ ಗೋಡೆ. ಎದುರಿಗೆ 15 ಮೀಟರ್ ಎತ್ತರದ ಕಂಬ, ಮೇಲೆ ಕಮಲ. ಕಂಬದ ಎರಡು ಪಕ್ಕ ಕೂತ ಹುಲಿ. ಗುಮ್ಮಟದ ಚಿಕ್ಕ ಛತ್ರಿಗಳು. 'ದೇವರು ಒಬ್ಬನೇ, ಜಯ ಅವನದೇ' ಅಂತ ಇಂಗ್ಲಿಷ್, ಅರಬ್ಬಿ, ಹಿಂದಿ, ಗುರುಮುಖಿಯಲ್ಲಿ ಬರೆದಿದೆ. ಕಟ್ಟಿಸಿದ್ದು 1927ರಲ್ಲಿ, ವಿನ್ಯಾಸ ಹರ್ಬರ್ಟ್ ಬೇಕರ್ ಅವರದು. ದೆಹಲಿಯ ಸೆಕ್ರೆಟೇರಿಯೆಟ್ ಕಟ್ಟಡಗಳೂ ಅವರವೇ. ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರು. ಗೋರಿಯೂ ಇಲ್ಲದವರು.

ನಮ್ಮವರು ಮಾರ್ಸೇಲ್ಸ್ ಬಂದರಿಗೆ ಇಳಿದದ್ದು 1914ರ ಸೆಪ್ಟೆಂಬರ್ ಕೊನೆಗೆ. ಮೈಮೇಲೆ ತೆಳು ಖಾಕಿ. ತಮ್ಮ ಬಂದೂಕುಗಳನ್ನು ಅಲ್ಲೇ ಕೊಟ್ಟು ಹೊಸದು ತೆಗೆದುಕೊಂಡರು, ಗುರಿ ಅಭ್ಯಾಸಕ್ಕೆ ಹೆಚ್ಚು ಹೊತ್ತೂ ಸಿಗಲಿಲ್ಲ. ಅಕ್ಟೋಬರ್ ಮುಗಿಯುವ ಮೊದಲು ಅವರು ಕಂದಕದಲ್ಲಿದ್ದರು. ಬ್ರಿಟಿಷರ ಸಾಲು ಆಗ ಹರಿದುಹೋಗುವಷ್ಟು ತೆಳ್ಳಗಾಗಿತ್ತು. ಆ ತೂತು ತುಂಬಿದವರು ಇವರು. ಅಕ್ಟೋಬರ್ 31ರಂದು ಹೊಲ್ಲೆಬೆಕೆಯಲ್ಲಿ ಖುದಾದಾದ್ ಖಾನ್ ಗಾಯಗೊಂಡೂ ಮೆಷಿನ್ ಗನ್ ಬಿಡಲಿಲ್ಲ. ಜೊತೆಯವರೆಲ್ಲ ಸತ್ತರು. ಅವರೂ ಸತ್ತರು ಅಂತ ಜರ್ಮನ್ನರು ಬಿಟ್ಟುಹೋದಾಗ ತೆವಳಿಕೊಂಡು ವಾಪಸ್ ಬಂದರು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವರೇ.

ಈ ಹಳ್ಳಿಯ ಕಾಳಗ 1915ರ ಮಾರ್ಚ್ 10ರಿಂದ 13. ಬ್ರಿಟಿಷರು ತಾವೇ ಯೋಜಿಸಿ ಮಾಡಿದ ಮೊದಲ ದೊಡ್ಡ ದಾಳಿ. ವಿಮಾನದಿಂದ ಫೋಟೊ ತೆಗೆದು ಜರ್ಮನ್ ಕಂದಕಗಳ ನಕ್ಷೆ ಮಾಡಿದ್ದರು. ದಾಳಿಗೆ ಹೋದವರಲ್ಲಿ ಅರ್ಧದಷ್ಟು ಭಾರತೀಯರು. ಬೆಳಗ್ಗೆ 7:30ಕ್ಕೆ ಫಿರಂಗಿ ಶುರು, 35 ನಿಮಿಷ. ಆಮೇಲೆ ಜನ ಓಡಿದರು. ಬೆಳಗ್ಗೆಯೇ ಹಳ್ಳಿ ಕೈಗೆ ಬಂತು. ಅಲ್ಲಿಗೆ ಎಲ್ಲ ನಿಂತಿತು. ಟೆಲಿಫೋನ್ ತಂತಿ ಕಡಿದುಹೋಗಿತ್ತು, ಮುಂದೆ ಹೋದವರಿಗೆ ಏನು ಮಾಡಬೇಕೆಂದು ಹೇಳುವವರಿಲ್ಲ, ಶೆಲ್‌ಗಳೂ ಸಾಲಲಿಲ್ಲ. ಕಾದು ಕಾದು ಗಂಟೆಗಳು ಕಳೆದವು. ಅಷ್ಟರಲ್ಲಿ ಜರ್ಮನ್ನರು ಹೊಸ ಜನ ತಂದರು. ಮುಂದಿನ ಮೂರು ದಿನ ಬರೀ ಸಾವು. ಭಾರತೀಯ ಪಡೆಯಲ್ಲೇ 4 ಸಾವಿರಕ್ಕೂ ಜಾಸ್ತಿ ಜನ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಮುಂದೆ ಹೋದ ದೂರ ಎರಡು ಕಿಲೋಮೀಟರೂ ಇಲ್ಲ. ಈ ಯುದ್ಧದ ಅಷ್ಟೂ ವರ್ಷ ನಡೆದದ್ದು ಇದೇ: ಮೊದಲ ಸಾಲು ಮುರಿಯಬಹುದು, ಆದರೆ ನಡೆದು ಹೋಗುವವನಿಗಿಂತ ರೈಲಿನಲ್ಲಿ ಬರುವ ಶತ್ರು ಬೇಗ ಬಂದು ಆ ತೂತು ಮುಚ್ಚುತ್ತಾನೆ.

ಗಡ್ವಾಲ್ ರೈಫಲ್ಸ್ ಸಾಲಿನಲ್ಲಿ ಗಬ್ಬರ್ ಸಿಂಗ್ ನೇಗಿ ಅವರ ಹೆಸರು ಹುಡುಕಿದೆ. ಮಾರ್ಚ್ 10ರಂದು ಜರ್ಮನ್ ಕಂದಕಕ್ಕೆ ಇಳಿದು, ಒಂದೊಂದೇ ಮೂಲೆಗೆ ಮೊದಲು ತಾವೇ ನುಗ್ಗುತ್ತಾ ಹೋಗಿ ಅಲ್ಲೇ ಸತ್ತರು. ನಿನ್ನೆ ನಾನು ಟೇಪು ಹಿಡಿದು ಅಳೆದದ್ದು ಅಂಥ ಮೂಲೆಗಳನ್ನೇ. ಪ್ರತಿ ಮೂಲೆಯ ಹಿಂದೆ ಯಾರಿದ್ದಾರೋ ಗೊತ್ತಿಲ್ಲದೆ ತಿರುಗುವುದು ಅಂದರೆ ಏನು ಅಂತ ಆಗ ಮೈಗೆ ತಾಗಿತು. ಅವರಿಗೆ ಇಪ್ಪತ್ತರ ಆಸುಪಾಸು ವಯಸ್ಸು.

ನಮ್ಮ ಕಡೆಯ ಹೆಸರು ಇದೆಯೇ ಅಂತ ಗೋಡೆ ಪೂರ್ತಿ ಓದಿದೆ. ನನಗೆ ಒಂದೂ ಸಿಗಲಿಲ್ಲ. ಗುರುಂಗ್, ರಾವತ್, ಸಿಂಗ್, ಖಾನ್. ಬ್ರಿಟಿಷರು ಆಗ ಕೆಲವು ಜಾತಿ ಜನಾಂಗ ಮಾತ್ರ ಯುದ್ಧಕ್ಕೆ ಲಾಯಕ್ಕು ಅಂತ ನಂಬಿ ಪಂಜಾಬ್, ಗಡಿನಾಡು, ಗಡ್ವಾಲ್, ನೇಪಾಳದಿಂದಲೇ ಜಾಸ್ತಿ ಸೇರಿಸಿಕೊಳ್ಳುತ್ತಿದ್ದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋದದ್ದು ಸೂಯೆಜ್ ಕಡೆಗೆ. ಅವರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆ ಏರಿ ಗೆದ್ದ ಕಥೆ ಬೇರೆ. ಯುದ್ಧ ಶುರುವಾದಾಗ ನಾಲ್ವಡಿಯವರ ಮೈಸೂರು ಸಂಸ್ಥಾನ 50 ಲಕ್ಷ ರೂಪಾಯಿ ಕೊಟ್ಟಿತ್ತು. ಆ ಕಾಲದ 50 ಲಕ್ಷ. ನಮ್ಮ ರೈತರ ಕಂದಾಯವೂ ಅದರಲ್ಲಿತ್ತು ಅಲ್ವಾ?

ಆದರೆ ನಮ್ಮ ಕಡೆಯವರ ಹೆಸರಿಲ್ಲ ಅಂತ ಬೇಜಾರೇನೂ ಆಗಲಿಲ್ಲ. ಓದುತ್ತಾ ಓದುತ್ತಾ ಎಲ್ಲರೂ ನಮ್ಮವರೇ ಆಗಿಬಿಟ್ಟಿದ್ದರು.

ಭಾವ ಮೆಟ್ಟಿಲ ಮೇಲೆ ಕೂತು ಕೇಳಿದರು, "ಇವರಿಗೆ ಊಟ ಏನಮ್ಮ ಕೊಡ್ತಿದ್ರು?" ಅದು ಗೊತ್ತಿತ್ತು. ಗೋಧಿ ಹಿಟ್ಟು, ಬೇಳೆ, ತುಪ್ಪ, ಬೆಲ್ಲ, ಟೀ. ಮಾಂಸ ತಿನ್ನುವವರಿಗೆ ಜೀವಂತ ಮೇಕೆ, ಹಿಂದೂಗಳಿಗೆ ಒಂದು ಕಡೆ, ಮುಸ್ಲಿಮರಿಗೆ ಇನ್ನೊಂದು ಕಡೆ ಕಡಿಯುತ್ತಿದ್ದರು. ಗಾಯಗೊಂಡವರನ್ನು ಇಂಗ್ಲೆಂಡಿನ ಬ್ರೈಟನ್‌ಗೆ ಕಳಿಸಿ ಅಲ್ಲಿನ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಅಲ್ಲಿ ಒಂಬತ್ತು ಅಡುಗೆಮನೆ. ಸತ್ತ ಹಿಂದೂ, ಸಿಖ್ಖರಲ್ಲಿ 53 ಜನರನ್ನು ಊರಾಚೆ ಗುಡ್ಡದ ಮೇಲೆ ದಹನ ಮಾಡಿದರು. ಅಲ್ಲೊಂದು ಛತ್ರಿ ಈಗಲೂ ಇದೆ.

ಸಿಪಾಯಿಗಳು ಊರಿಗೆ ಬರೆಸಿದ ಕಾಗದಗಳನ್ನು ಸರ್ಕಾರ ತೆರೆದು ಓದುತ್ತಿತ್ತು. ಓದಿ, ಅನುವಾದ ಮಾಡಿ ಇಟ್ಟುಕೊಂಡದ್ದರಿಂದಲೇ ಅವು ಇವತ್ತು ನಮಗೆ ಸಿಗುತ್ತವೆ. ಯುದ್ಧದ ಸತ್ಯ ಬರೆಯುವಂತಿರಲಿಲ್ಲ. ಹಾಗಾಗಿ ಗುಟ್ಟಿನ ಮಾತು ಕಟ್ಟಿದ್ದರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸಿನಕಾಯಿ ಅಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂತು, ಇನ್ನು ಕೆಂಪು ಮೆಣಸಿನಕಾಯಿ ಬಳಸುತ್ತಿದ್ದಾರೆ ಅಂತ ಬರೆದರೆ ಊರಲ್ಲಿದ್ದವರಿಗೆ ಅರ್ಥವಾಗುತ್ತಿತ್ತು. ಅಡುಗೆಮನೆಯ ಡಬ್ಬಿಯಲ್ಲಿ ಅಡಗಿಸಿ ಕಳಿಸಿದ ಸಾವಿನ ಸುದ್ದಿ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು.

ನಾಲ್ಕನೇ ದಿನ, ಭಾನುವಾರ

ಫ್ರಾನ್ಸಿನ ಸೋಮ್ ಸೀಮೆ. ಇಲ್ಲಿ ನೆಲ ಬೇರೆ ಥರ. ಏರಿಳಿತದ ಹೊಲ, ಕೆಳಗೆ ಸುಣ್ಣದ ಕಲ್ಲು. ಈಪರ್ ಕಡೆಯ ಕೆಸರು ನೋಡಿ ಬಂದವರಿಗೆ ಎಷ್ಟೋ ಒಣ ಅನ್ನಿಸುತ್ತದೆ. ರಸ್ತೆ ಬದಿಯಲ್ಲಿ ಬೀಟ್ ರಾಶಿ ಹಾಕಿದ್ದರು. ಸಕ್ಕರೆ ತೆಗೆಯುವ ಬಿಳಿ ಬೀಟ್, ನಮ್ಮ ಗುಂಡ್ಲುಪೇಟೆಯ ಬೀಟ್‌ರೂಟ್‌ನ ದಾಯಾದಿ. ಒಂದು ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಎರಡು ಶೆಲ್. ಭಾವ ಕಾರು ನಿಲ್ಲಿಸಲೇ ಇಲ್ಲ. ಉಳುವಾಗ ಸಿಕ್ಕಿದ್ದನ್ನು ರೈತರು ಹೀಗೆ ಪಕ್ಕಕ್ಕಿಡುತ್ತಾರೆ, ಸರ್ಕಾರದವರು ಬಂದು ಒಯ್ಯುತ್ತಾರೆ. ನೂರು ವರ್ಷ ಕಳೆದರೂ ಪ್ರತಿ ಉಳುಮೆಗೂ ಈ ಕಬ್ಬಿಣದ ಬೆಳೆ ಬರುತ್ತಲೇ ಇದೆ.

1916ರ ಜುಲೈ 1. ಒಂದು ವಾರ 15 ಲಕ್ಷ ಶೆಲ್ ಸುರಿದು, ಇನ್ನು ಅಲ್ಲಿ ಯಾರೂ ಬದುಕಿಲ್ಲ ಅಂದುಕೊಂಡು ಬೆಳಗ್ಗೆ 7:30ಕ್ಕೆ ಬ್ರಿಟಿಷ್ ಹುಡುಗರನ್ನು ಕಂದಕದಿಂದ ಮೇಲೆ ಹತ್ತಿಸಿದರು. ಜರ್ಮನ್ನರು ಸುಣ್ಣದ ಕಲ್ಲಿನಲ್ಲಿ ಆಳಕ್ಕೆ ಕೋಣೆ ಕೊರೆದು ಕೂತಿದ್ದರು. ಸದ್ದು ನಿಂತದ್ದೇ ಮೇಲೆ ಬಂದರು. ಎಷ್ಟೋ ಕಡೆ ಮುಳ್ಳುತಂತಿ ಹಾಗೇ ಇತ್ತು. ಸಂಜೆಗೆ ಸತ್ತು ಗಾಯಗೊಂಡವರು 57,470. ಅದರಲ್ಲಿ ಸತ್ತವರು 19,240. ಒಂದೇ ದಿನ.

ಲಾಕ್ನಗಾರ್ ಗುಂಡಿ ನೋಡಿದೆವು. ದಾಳಿಗೆ ಎರಡು ನಿಮಿಷ ಮೊದಲು ಸುರಂಗದಲ್ಲಿ ಸಿಡಿಸಿದ ಮದ್ದಿಗೆ ಆದ ಹಳ್ಳ, ಸುಮಾರು 100 ಮೀಟರ್ ಅಗಲ. ಟಿಯೆಪ್‌ವಾಲ್‌ನಲ್ಲಿ ಲುಟೆನ್ಸ್ ಕಟ್ಟಿಸಿದ ಕಮಾನಿನ ಕೆಳಗೆ ನಿಂತೆವು, 72 ಸಾವಿರಕ್ಕೂ ಜಾಸ್ತಿ ಹೆಸರು. ದೆಹಲಿಯ ಇಂಡಿಯಾ ಗೇಟ್ ಕೂಡ ಅವರದೇ, ಅದರ ಮೇಲೂ ಇದೇ ಯುದ್ಧದ ಹೆಸರುಗಳಿವೆ. ಎಷ್ಟು ಜನ ಅಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಅವನ್ನು ಓದಿರಬಹುದು? ಹೈ ವುಡ್ ಅನ್ನುವ ಕಾಡಿನ ಪಕ್ಕದ ಹೊಲದಲ್ಲಿ ಜುಲೈ 14ರ ಸಂಜೆ ಭಾರತದ ಕುದುರೆ ದಳ 20ನೇ ಡೆಕ್ಕನ್ ಹಾರ್ಸ್‌ನವರು ಈಟಿ ಹಿಡಿದು ಕುದುರೆ ಓಡಿಸಿದ್ದರು. ಮೆಷಿನ್ ಗನ್‌ಗೆ ಎದುರು ಈಟಿ. ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 15ರಂದು, ಇದೇ ಸೀಮೆಯಲ್ಲಿ ಮೊದಲ ಸಲ ಟ್ಯಾಂಕ್ ಬಂತು.

ನನಗೆ ಮರೆಯಲಾಗದ್ದು ಬೋಮಾಂ ಹಾಮೆಲ್. ನ್ಯೂಫೌಂಡ್‌ಲೆಂಡ್ ಅನ್ನುವ ದ್ವೀಪದವರು ಆ ನೆಲವನ್ನು ಕೊಂಡು ಹಾಗೇ ಉಳಿಸಿದ್ದಾರೆ. ಕಂದಕಗಳ ಅಂಚು ಸವೆದು, ಹುಲ್ಲು ಬೆಳೆದು ಮೆತ್ತಗಾಗಿದೆ. ಅಲ್ಲಿಂದ ಇಳಿಜಾರಿನಲ್ಲಿ ಕೆಳಗೆ ಜರ್ಮನ್ ಸಾಲು. ನಡುವೆ ಒಂದು ಒಣಗಿದ ಮರದ ರೂಪ ನಿಲ್ಲಿಸಿದ್ದಾರೆ. ಅವತ್ತು ಆ ದ್ವೀಪದ ಸುಮಾರು 800 ಜನ ದಾಳಿಗೆ ಹೊರಟರು. ಆ ಮರ ದಾಟಿದವರೇ ಕಡಿಮೆ. ಮಾರನೇ ಬೆಳಗ್ಗೆ ಹಾಜರಿ ಕರೆದಾಗ 'ಇದ್ದೇನೆ' ಅಂದವರು 68. ದಿನಾ ಹಾಜರಿ ಕರೆಯುವವಳು ನಾನು. ಒಂದು ಹೆಸರಿಗೆ ಉತ್ತರ ಬರದಿದ್ದರೆ ತಲೆ ಎತ್ತಿ ನೋಡುತ್ತೇನೆ.

ಶಾಲೆ

ರಜೆ ಮುಗಿದ ಮೇಲೆ ಮೊದಲ ಶನಿವಾರ, ಪಿಇಟಿ ಮೇಷ್ಟ್ರನ್ನು ಕೇಳಿ ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ತೆಗೆದುಕೊಂಡೆ. ನೋಟ್‌ಬುಕ್ ನೋಡಿಕೊಂಡು ಮೈದಾನದಲ್ಲಿ ಗೆರೆ ಎಳೆದೆವು. ಹತ್ತು ಹೆಜ್ಜೆ, ಮೂಲೆ. ಹತ್ತು ಹೆಜ್ಜೆ, ಮೂಲೆ. ಮೂವತ್ತೆಂಟು ಮಕ್ಕಳು ಒಳಗೆ ನಿಂತರು. ಮೊಣಕೈ ತಾಗುತ್ತಿತ್ತು, ನಗುತ್ತಿದ್ದರು. ಚೌಕಟ್ಟು, ಹಲಗೆ, ಕೆಳಗೆ ಹರಿಯುವ ನೀರು, ಜೋಡಿ ಕೂತು ಎಣ್ಣೆ ತಿಕ್ಕುವುದು, ಎಲ್ಲ ಹೇಳಿದೆ. ಕೇಳಿದ ಹುಡುಗ ಈಗ ಪಿಯುಸಿಗೆ ಹೋಗಿದ್ದಾನೆ. ಅವನ ತಂಗಿ ಇದೇ ತರಗತಿಯಲ್ಲಿದ್ದಾಳೆ. ಮನೆಗೆ ಹೋಗಿ ಹೇಳುತ್ತೇನೆ ಅಂದಳು. ಸ್ವಲ್ಪ ಹೊತ್ತು ಸುಮ್ನಿದ್ದು ಅವಳೂ ಒಂದು ಕೇಳಿದಳು.

"ಮಿಸ್, ಎದುರುಗಡೆ ಇದ್ದೋರಿಗೂ ನೀರು ಬರ್ತಿತ್ತಾ?"

ಅವರು ಹೆಚ್ಚಾಗಿ ಎತ್ತರದ ಕಡೆ ಇದ್ದರು, ನೀರು ಇಳಿದು ಇವರ ಕಡೆಗೇ ಬರುತ್ತಿತ್ತು, ಆದರೂ ತಗ್ಗಿನಲ್ಲಿದ್ದ ಜರ್ಮನ್ನರು ಇವರ ಹಾಗೇ ನೀರಲ್ಲಿ ನಿಂತರು ಅಂದೆ. ಹಾಗಾದರೆ ಅವರದೂ ಬರೆಯೋಣ ಅಂದಳು. ಎಷ್ಟು ದೂರ ಅಂತ ಕೇಳಿದರು. ಕೆಲವು ಕಡೆ 50 ಮೀಟರೂ ಇರಲಿಲ್ಲ ಅಂದೆ. ವಾಲಿಬಾಲ್ ಕಂಬದ ಆಚೆಗೆ ಬಂತು. ಅಷ್ಟರಲ್ಲಿ ಸುಣ್ಣ ಮುಗಿದಿತ್ತು. ಹುಡುಗಿಯರು ಬೇಲಿಯಿಂದ ಕಡ್ಡಿ ಮುರಿದು ತಂದು, ಬಗ್ಗಿ, ಆ ಕಡೆಯ ಗೆರೆಯನ್ನು ಮಣ್ಣಿನಲ್ಲೇ ಗೀರುತ್ತಾ ಹೋದರು.